ಗಂಧವೋ, ಊದೋ?

ಯಾರಾದರೂ ಸುಗಂಧ ನೀಡಿದರೆ ಪ್ರವಾದಿವರ್ಯರು(ಸ) ಅದನ್ನು ನಿರಾಕರಿಸುತ್ತಿರಲಿಲ್ಲವೆಂದು ಹ. ಅನಸ್(ರ) ವರದಿ ಮಾಡಿದ್ದಾರೆ. ಎರಡು ಕೈಗಳಿಂದ ಎರಡು ಸುಗಂಧಗಳು ಬಂದರೆ? ಮಗನ ನಿಕಾಹ್‌ಗೆ ವಾರವಿರುವಾಗ ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದಿತು. ಒಂದು, ಅಬ್ಬಾ ಬಿಟ್ಟುಹೋದ ಶ್ರೀಗಂಧದೆಣ್ಣೆಯ ಸೀಸೆ. ಅವರು ತೀರಿಕೊಂಡು ಹನ್ನೊಂದು ವರ್ಷ. ಇನ್ನೊಂದು, ದುಬೈಯಲ್ಲಿ ದುಡಿಯುವ ತಮ್ಮ ಕಳುಹಿಸಿದ ಊದ್ ಅತ್ತರು. ರಜೆ ಸಿಗದೆ ಅವನು ಮದುವೆಗೆ ಬರುವಂತಿರಲಿಲ್ಲ. ಬೆರೆಸೋಣವೆಂದರೆ ಊದ್‌ನ ಗಡಸು ಗಂಧವನ್ನು ನುಂಗಿಬಿಡುತ್ತದೆ.

ಮೈಸೂರಿನವರಿಗೆ ಗಂಧದ ಪಕ್ಷಪಾತ ಸಹಜ. 1792ರಲ್ಲಿ ಟಿಪ್ಪು ಸುಲ್ತಾನರು ಅದನ್ನು ರಾಜವೃಕ್ಷವೆಂದು ಘೋಷಿಸಿದರು. ಮೊದಲ ಮಹಾಯುದ್ಧದಿಂದಾಗಿ ಜರ್ಮನಿಗೆ ಹೋಗುತ್ತಿದ್ದ ಗಂಧದ ಕೊರಡುಗಳು ಇಲ್ಲಿಯೇ ಉಳಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಡಳಿತವು 1916ರಲ್ಲಿ ಎಣ್ಣೆಯ ಕಾರ್ಖಾನೆಯನ್ನೇ ಸ್ಥಾಪಿಸಿತು. ಅಬ್ಬಾ ಮಾನಂದವಾಡಿ ರಸ್ತೆಯ ಆ ಕಾರ್ಖಾನೆಯ ಎಣ್ಣೆಯನ್ನಲ್ಲದೆ ಬೇರೆಯದನ್ನು ಮುಟ್ಟುತ್ತಿರಲಿಲ್ಲ. ಜುಮಾದ ಸ್ನಾನ ಮುಗಿಸಿ ಕಿವಿಯ ಹಿಂದೆ ಒಂದು ಹನಿ. ಮಗ್ರಿಬ್‌ವರೆಗೂ ಅವರ ಅಂಗಿಯಲ್ಲಿ ಹಾಲಿನಂತಹ ಮೆದು ಪರಿಮಳವಿರುತ್ತಿತ್ತು.

ಊದ್‌ನ ಸ್ವಭಾವವೇ ಬೇರೆ. ಆರೋಗ್ಯವಂತ ಅಗರು ಮರದಲ್ಲಿ ಆ ಪರಿಮಳವಿಲ್ಲ. ಗಾಯವಾಗಿ, ಶಿಲೀಂಧ್ರ ತಗುಲಿದಾಗ ಮರ ತನ್ನನ್ನು ಕಾಪಾಡಿಕೊಳ್ಳಲು ಸುರಿಸುವ ರಾಳವೇ ಕಪ್ಪುಗಟ್ಟಿ ಊದ್ ಆಗುತ್ತದೆ. ಹ. ಇಬ್ನು ಉಮರ್(ರ) ಇದನ್ನು ಕೆಲವೊಮ್ಮೆ ಹಾಗೆಯೇ, ಕೆಲವೊಮ್ಮೆ ಕರ್ಪೂರ ಸೇರಿಸಿ ಧೂಪ ಹಾಕುತ್ತಿದ್ದರು, ಪ್ರವಾದಿವರ್ಯರ(ಸ) ಕ್ರಮವೂ ಅದೇ ಎನ್ನುತ್ತಿದ್ದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಇದು ಪರದೇಶದ ವಾಸನೆಯೆಂದು ಮೂಗುಮುರಿದ ಬಂಧುಗಳಿಗೆ ನಾನು ಹೇಳಿದ್ದಿಷ್ಟೆ: ಅಗರು ಮರ ನಮ್ಮ ಅಸ್ಸಾಮಿನದು, ನಮ್ಮ ಕನ್ನಡದ ಊದುಬತ್ತಿಯ ಹೆಸರಿನಲ್ಲಿಯೇ ಊದ್ ಕುಳಿತಿದೆ.

ಮಗ ಗಂಧವನ್ನೇ ಬಯಸಿದ. ದಾದಾರ ನೆನಪು ಮೈಮೇಲಿರಲೆಂಬುದು ಅವನ ಆಸೆ. ನನ್ನ ಮನಸ್ಸೂ ಅತ್ತಲೇ ವಾಲುತ್ತಿತ್ತು. ಆದರೆ ಅಬ್ಬಾರಿಗೆ ನಾವು ತಲುಪಿಸಬಹುದಾದುದು ದುಆ. ಅದಕ್ಕೆ ಸೀಸೆ ಬೇಕಿಲ್ಲ. ತಮ್ಮನಾದರೋ ಬದುಕಿದ್ದಾನೆ, ಬಾಡಿಗೆ ಕೋಣೆಯಲ್ಲಿ ಕುಳಿತು ಫೋನಿನಲ್ಲಿ ನಿಕಾಹ್ ನೋಡಲಿದ್ದಾನೆ, ಹಚ್ಚಿಕೊಂಡೆಯಾ ಎಂದು ಕೇಳಿಯೇ ಕೇಳುತ್ತಾನೆ. ಅಮ್ಮೀ ಕೂಡ ಅದನ್ನೇ ಹೇಳಿದರು: “ಚಾಚಾನದೇ ಹಚ್ಚಿಕೋ ಬೇಟಾ, ಅವನು ದೂರದಲ್ಲಿದ್ದಾನೆ.”

ಮಗ ಊದ್ ಹಚ್ಚಿಕೊಂಡು ಮಸೀದಿಗೆ ಹೊರಟ. ಅಮ್ಮೀ ಗಂಧದ ಸೀಸೆಯನ್ನು ಕೇಳಿ ಪಡೆದು, ಮುಚ್ಚಳ ತೆರೆದು ಒಮ್ಮೆ ಮೂಸಿ, ಮತ್ತೆ ಬಿಗಿಯಾಗಿ ಮುಚ್ಚಿ ನನ್ನ ಕೈಗಿತ್ತರು. ತಳದಲ್ಲಿ ಇನ್ನೂ ಬೆರಳಗಲದಷ್ಟು ಎಣ್ಣೆಯಿದೆ.