ತೈಮಿರ್‌ನ ಕಿರುಬೇಸಗೆ

ಸೈಬೀರಿಯದ ತುತ್ತತುದಿಯಲ್ಲಿರುವ ತೈಮಿರ್ ಪರ್ಯಾಯದ್ವೀಪದ ಉತ್ತರ ಭಾಗದಲ್ಲಿ ಮರವೆಂಬುದಿಲ್ಲ. ಬರಿಯ ಹಾವಸೆ, ಜೌಗು, ಅಡಿಯಲ್ಲಿ ಎಂದೂ ಕರಗದ ಹೆಪ್ಪುನೆಲ. ಗುಬ್ಬಿಯ ಗಾತ್ರದ ಸ್ಟಿಂಟ್ ಹಕ್ಕಿ ಸಂಸಾರ ಹೂಡಲು ಸಾವಿರಾರು ಮೈಲಿ ಹಾರಿ ಇಲ್ಲಿಗೇ ಬರುವುದೇಕೆ? ಜೂನಿನಲ್ಲಿ ಇಲ್ಲಿ ಸೂರ್ಯನು ಮುಳುಗುವುದೇ ಇಲ್ಲ. ಕರಗಿದ ನೀರಿನಿಂದ ಸೊಳ್ಳೆಗಳು ಮೋಡದಂತೆ ಏಳುತ್ತವೆ. ಮನುಷ್ಯನಿಗೆ ಕಾಟ, ಮರಿಗಳಿಗೆ ಮೃಷ್ಟಾನ್ನ!

ಆದರೆ ಧ್ರುವನರಿಯ ಭಯ ತಪ್ಪಿದ್ದಲ್ಲ. ಲೆಮಿಂಗ್ ಎಂಬ ಇಲಿಗಳು ಹೇರಳವಾದ ವರ್ಷ ನರಿ ಅದರಲ್ಲೇ ತೃಪ್ತ. ಅವು ಕ್ಷಯಿಸಿದ ವರ್ಷ ಗೂಡುಗಳು ಬರಿದು. ಕೆಂಪೆದೆಯ ಹೆಬ್ಬಾತು ಮಾತ್ರ ಜಾಣ. ಡೇಗೆಯ ಗೂಡಿನ ನೆರೆಯಲ್ಲೇ ಮೊಟ್ಟೆಯಿಡುತ್ತದೆ. ಡೇಗೆ ತನ್ನ ಮರಿಗಳಿಗಾಗಿ ನರಿಯನ್ನು ಅಟ್ಟಿದರೆ ಬಾತಿನ ಸಂಸಾರವೂ ಉಳಿಯುತ್ತದೆ.

ಬೇಸಗೆ ಮುಗಿಯುವ ಮೊದಲೇ ಹಿರಿಯ ಸ್ಟಿಂಟ್‌ಗಳು ದಕ್ಷಿಣಕ್ಕೆ ಹೊರಡುತ್ತವೆ. ಕೆಲವು ಕನ್ನಡನಾಡಿನ ಕೆರೆಗಳಿಗೂ ಇಳಿಯುತ್ತವೆ. ಮರಿಗಳು, ದಾರಿ ತೋರುವವರಿಲ್ಲದೆ, ಹಿಂದಿನಿಂದ ಬರುತ್ತವೆ.