ನಡೆಸುವ ಆಟ, ಕೂರಿಸುವ ಆಟ

ಗೆಳತಿಯರೇ, ನಲವತ್ತಾರು ವರ್ಷದ ಗೃಹಿಣಿಯೊಬ್ಬಳು ಮೊಬೈಲಿನಲ್ಲಿ ಪ್ರಾಣಿ ಹಿಡಿಯುವ ಆಟ ಆಡುತ್ತಾಳೆ ಎಂದರೆ ನಿಮಗೆ ನಗು ಬರಬಹುದು. ನಗಿ, ಪರವಾಗಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ನಕ್ಕು ಮುಗಿಸಿ ವರ್ಷಗಳಾದುವು. ಮಾವಿನಮಿಡಿ ಉಪ್ಪಿನಕಾಯಿಯ ಬಗ್ಗೆಯೋ, ಮಂಡಿನೋವಿನ ಮನೆಮದ್ದಿನ ಬಗ್ಗೆಯೋ ಬರೆಯಬೇಕಾದವಳು ಈ ಪೋಕೆಮಾನ್ ಪುರಾಣ ತೆಗೆದದ್ದೇಕೆ ಎನ್ನುವಿರಾ? ಅದೇ ಮನೆತನದ ಹೊಸ ಆಟವೊಂದನ್ನು ನನ್ನ ಮಗ ನನ್ನ ಮೊಬೈಲಿಗೆ ಹಾಕಿಕೊಟ್ಟಿದ್ದಾನೆ. ಅದರ ಮೇಲೆ ನನ್ನದೊಂದು ತಕರಾರಿದೆ. ನಿಮ್ಮ ಮುಂದೆ ಹೇಳಿಕೊಳ್ಳದೆ ಇನ್ನಾರ ಮುಂದೆ ಹೇಳಲಿ?

ಗೊತ್ತಿಲ್ಲದವರಿಗಾಗಿ ಮೊದಲು ನಾಲ್ಕು ಮಾತು. ಪೋಕೆಮಾನ್ ಹುಟ್ಟಿದ್ದು ಜಪಾನಿನಲ್ಲಿ, 1996ರಲ್ಲಿ. ಸತೋಷಿ ತಾಜಿರಿ ಎಂಬಾತ ಹುಡುಗನಾಗಿದ್ದಾಗ ಹುಳಹುಪ್ಪಟೆ ಹಿಡಿದು ಕೂಡಿಡುವ ಹುಚ್ಚಿನವನಂತೆ. ಊರು ಬೆಳೆದು ಗದ್ದೆ, ಕೊಳಗಳೆಲ್ಲ ಕಟ್ಟಡಗಳಾದ ಮೇಲೆ, ಹಾಗೆ ಹುಡುಕಿ ಹಿಡಿಯುವ ಸುಖ ಮುಂದಿನ ಮಕ್ಕಳಿಗೂ ಸಿಗಲಿ ಎಂದು ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರಕ್ಕೆ ಈ ಆಟ ಮಾಡಿದ. ಮೊದಲು 151 ವಿಚಿತ್ರ ಜೀವಿಗಳಿದ್ದುವು, ಈಗ ಸಾವಿರ ದಾಟಿವೆ. ನಮ್ಮ ದೇಶದ ಟಿ.ವಿ.ಗೆ ಇದರ ಕಾರ್ಟೂನು ಬಂದದ್ದು 2003ರಲ್ಲಿ. ನನ್ನ ಮಗ ತುತ್ತಿಗೊಂದು ಪಿಕಾಚು ನೋಡದೆ ಅನ್ನ ನುಂಗುತ್ತಿರಲಿಲ್ಲ. ಅವನಿಗೆ ಸಾರನ್ನ ತಿನ್ನಿಸುತ್ತ ತಿನ್ನಿಸುತ್ತ ನನಗೇ ಅದರ ರುಚಿ ಹತ್ತಿತು. ಮಗ ದೊಡ್ಡವನಾಗಿ ಅದನ್ನು ಬಿಟ್ಟ, ನಾನು ಬಿಡಲಿಲ್ಲ.

2016ರ ಡಿಸೆಂಬರಿನಲ್ಲಿ 'ಪೋಕೆಮಾನ್ ಗೋ' ಭಾರತಕ್ಕೆ ಬಂತು. ಅಷ್ಟರಲ್ಲಿ ನನಗೆ ಸಕ್ಕರೆ ಕಾಯಿಲೆ ಶುರುವಾಗಿತ್ತು. "ದಿನಾ ಮುಕ್ಕಾಲು ಗಂಟೆ ನಡೀರಮ್ಮ" ಎಂದು ಡಾಕ್ಟರು ಹೇಳಿ ಕಳಿಸಿದ್ದರು. ನಡೀಬೇಕು ಸರಿ, ಆದರೆ ಎಲ್ಲಿಗೆ? ಗಂಡಸರಾದರೆ ಚಪ್ಪಲಿ ಮೆಟ್ಟಿ ಹೊರಟರೆ ಆಯಿತು. ನಾವು ಸಂಜೆ ಹೊತ್ತು ಸುಮ್ಮನೆ ಹೊರಟರೆ ಅತ್ತೆಯವರಿಂದ ಹಿಡಿದು ಎದುರುಮನೆಯವರ ತನಕ, "ಎಲ್ಲಿಗ್ ಹೊರಟ್ರಿ?" ಎಂಬ ಪ್ರಶ್ನೆ. "ಎಲ್ಲಿಗೂ ಇಲ್ಲ, ಸುಮ್ನೆ" ಎಂದರೆ ನಂಬುವವರುಂಟೇ? ನಾಲ್ಕು ದಿನ ಕೊತ್ತಂಬರಿ ಸೊಪ್ಪಿನ ನೆಪ, ಐದನೆಯ ದಿನ ಅದೂ ಮುಗಿಯಿತು.

ಆಗ ನೆಪವಾಗಿ ಒದಗಿದ್ದು ಈ ಆಟ. ಇದರಲ್ಲಿ ಕೂತಲ್ಲಿ ಕೆಲಸ ಸಾಗದು. ಮೊಬೈಲು ತೋರಿಸುವುದು ನಮ್ಮದೇ ಊರಿನ ರಸ್ತೆಗಳನ್ನು. ಗುಡಿ, ಗೋಪುರ, ಪ್ರತಿಮೆ, ಹಳೆಯ ಕಟ್ಟಡ ಇಂಥವೆಲ್ಲ ಆಟದ ತಂಗುದಾಣಗಳು. ಅಲ್ಲಿಗೆ ಕಾಲಲ್ಲಿ ನಡೆದು ಹೋದರೆ ಪ್ರಾಣಿ ಹಿಡಿಯುವ ಚೆಂಡು ಸಿಗುತ್ತದೆ, ಮೊಟ್ಟೆಯೂ ಸಿಗುತ್ತದೆ. ಆ ಮೊಟ್ಟೆಗೆ ಕಾವು ಕೊಡುವುದು ಹೇಗೆ ಗೊತ್ತೇ? ನಡೆದು! ಒಂದಕ್ಕೆ ಎರಡು ಕಿಲೋಮೀಟರು, ಇನ್ನೊಂದಕ್ಕೆ ಐದು, ಮತ್ತೊಂದಕ್ಕೆ ಹತ್ತು. ಅಷ್ಟು ನಡೆದರೆ ಒಡೆದು ಮರಿ ಬರುತ್ತದೆ. ನಮ್ಮದು ಈರುಳ್ಳಿಯನ್ನೂ ವಾರ ನೋಡಿ ಹಾಕುವ ಮನೆ. "ಅತ್ತೆ, ಮೊಟ್ಟೆ ಒಡೀಬೇಕು, ಬರ್ತೀನಿ" ಎಂದು ನಾನು ಮೊದಲ ಸಲ ಹೇಳಿದಾಗ ಅವರ ಮುಖ ನೋಡಬೇಕಿತ್ತು! ನಮ್ಮತ್ತೆಯೊಬ್ಬರೇ ಅಲ್ಲ ಬಿಡಿ. ದೇವಸ್ಥಾನಗಳ ಬಳಿ ಆಟದ ಮೊಟ್ಟೆ ಸಿಗುವುದು ಭಕ್ತರಿಗೆ ನೋವು ತರುತ್ತದೆ ಎಂದು 2016ರಲ್ಲಿ ಗುಜರಾತ್ ಹೈಕೋರ್ಟಿಗೇ ಅರ್ಜಿ ಹೋಗಿತ್ತು.

ಹಾಗೆ ಶುರುವಾದ ನಡಿಗೆಯಲ್ಲಿ ನಾನು ಮೈಸೂರನ್ನು ಹೊಸದಾಗಿ ನೋಡಿದೆ. ಮದುವೆಯಾಗಿ ಸರಸ್ವತಿಪುರಕ್ಕೆ ಬಂದು ಹದಿನಾರು ವರ್ಷವಾಗಿದ್ದರೂ ನನಗೆ ಗೊತ್ತಿದ್ದದ್ದು ದೇವರಾಜ ಮಾರುಕಟ್ಟೆ, ಮಗನ ಶಾಲೆ, ದಸರೆಯಲ್ಲಿ ಅರಮನೆ, ಅಷ್ಟೇ. ದೊಡ್ಡ ಗಡಿಯಾರದ ಕೆಳಗೆ ನಿಂತು ತಲೆಯೆತ್ತಿ ನೋಡಿದ್ದು ಆಮೇಲೆ. ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಒಂದು ಸುತ್ತು ಪೂರ್ತಿ ಹಾಕಿದ್ದು ಆಮೇಲೆ. ಮ್ಯಾಜಿಕಾರ್ಪ್ ಎಂದೊಂದು ಕೆಂಪು ಮೀನಿದೆ, ಕಾಸಿಗೆ ಬಾರದ್ದು, ನೆಲದ ಮೇಲೆ ಪಟಪಟ ಬಡಿದುಕೊಳ್ಳುವುದು ಬಿಟ್ಟು ಮತ್ತೇನೂ ತಿಳಿಯದು. ಆದರೆ ಅದಕ್ಕೆ 400 ಮಿಠಾಯಿ ತಿನ್ನಿಸಿದರೆ ಗ್ಯಾರಡೋಸ್ ಎಂಬ ಭಯಂಕರ ನಾಗರೂಪ ತಾಳುತ್ತದೆ. ಜೊತೆಗಾರನೆಂದು ಅದನ್ನು ಕಟ್ಟಿಕೊಂಡು ನಡೆದರೆ ಕಿಲೋಮೀಟರಿಗೆ ಒಂದು ಮಿಠಾಯಿ. ಹಿಡಿದ ಮೀನುಗಳ ಲೆಕ್ಕದಲ್ಲೂ ಒಂದಿಷ್ಟು ಬರುತ್ತದೆ ಎನ್ನಿ. ನಾನಂತೂ ಒಂದು ಮಳೆಗಾಲ ಪೂರ್ತಿ, ಕೊಡೆ ಹಿಡಿದು, ಸೀರೆ ಎತ್ತಿ ಕಟ್ಟಿ, ಆ ಮೀನಿಗಾಗಿ ನಡೆದೆ. ಅದು ಹಾವಾದ ದಿನ ಮನೆಯಲ್ಲಿ ಶಾವಿಗೆ ಪಾಯಸ ಮಾಡಿದ್ದೆ (ನನಗೆ ಅರ್ಧ ಚಮಚ!). ಆ ಸಲದ ರಕ್ತಪರೀಕ್ಷೆ ನೋಡಿ ಡಾಕ್ಟರು, "ಏನಮ್ಮ ಮಾಡಿದ್ರಿ?" ಎಂದರು. ಮೀನಿನ ಕತೆ ಹೇಳಲು ನಾಚಿಕೆಯಾಗಿ "ವಾಕಿಂಗು" ಎಂದಷ್ಟೇ ಹೇಳಿ ಬಂದೆ.

ಪೋಕೆಮಾನುಗಳ ಹೆಸರು ನಾಲಿಗೆಗೆ ಒಗ್ಗುವುದಿಲ್ಲ. 2023ರಲ್ಲಿ ಈ ಆಟ ಹಿಂದಿಗೆ ಬಂತು, ಕನ್ನಡಕ್ಕೆ ಬಂದಿಲ್ಲ. ಅದಕ್ಕೆ ನಾನೇ ಹೆಸರಿಟ್ಟುಕೊಂಡಿದ್ದೇನೆ. ಸದಾ ಮಲಗಿರುವ ಸ್ನಾರ್ಲ್ಯಾಕ್ಸ್ ನನಗೆ ಕುಂಭಕರ್ಣ. ಬೆನ್ನ ಮೇಲೆ ಗೆಡ್ಡೆ ಹೊತ್ತ ಬಲ್ಬಸಾರ್ ಗೆಡ್ಡೆಗಪ್ಪೆ. ಬೆನ್ನಿನಲ್ಲಿ ಕೆಂಡವಿಟ್ಟುಕೊಂಡು ಹೊಗೆಯುಗುಳುವ ಟೋರ್ಕೋಲ್ ಹೊಗೆಯಾಮೆ. ಈ ಹೊಗೆಯಾಮೆ ನಮ್ಮ ಸೀಮೆಯ ಕಡೆ ಸಿಗುತ್ತದೆ, ಬೇರೆ ದೇಶದವರಿಗೆ ಅಪರೂಪ. ಕಂಗಸ್ಕಾನ್ ಎಂಬುದೊಂದಿದೆ, ಹೊಟ್ಟೆಯ ಚೀಲದಲ್ಲಿ ಮರಿಯನ್ನಿಟ್ಟುಕೊಂಡ ತಾಯಿ. ಅದು ಸಿಗುವುದು ಆಸ್ಟ್ರೇಲಿಯಾದಲ್ಲಿ. ನಾನೆಲ್ಲಿ, ಆಸ್ಟ್ರೇಲಿಯಾ ಎಲ್ಲಿ! ಆದರೆ ನಮ್ಮ ಗೋಕುಲಂ ಕಡೆ ಯೋಗ ಕಲಿಯಲು ಪರದೇಶದವರು ಬರುತ್ತಾರಲ್ಲ, 2019ರಲ್ಲಿ ಹಾಗೆ ಬಂದ ಒಬ್ಬ ಹುಡುಗಿ ಕೆರೆ ಏರಿಯ ಮೇಲೆ ಮೊಬೈಲು ಹಿಡಿದು ನಿಂತಿದ್ದಳು. ನನ್ನ ಹೈಸ್ಕೂಲು ಇಂಗ್ಲಿಷು, ಅವಳ ಎರಡು ಕನ್ನಡ ಪದ, ಸಾಲದ್ದಕ್ಕೆ ಕೈಸನ್ನೆ. ಆಗ ಈ ಆಟದಲ್ಲಿ ಪ್ರಾಣಿ ಬದಲಾಯಿಸಿಕೊಳ್ಳಬೇಕಾದರೆ ಇಬ್ಬರೂ ನೂರು ಮೀಟರಿನ ಒಳಗೆ ನಿಂತಿರಬೇಕಿತ್ತು. ನಾವು ಒಂದೇ ಕಲ್ಲುಬೆಂಚಿನ ಮೇಲೆ ಕೂತು ಅವಳಿಗೆ ಹೊಗೆಯಾಮೆ, ನನಗೆ ತಾಯಿ-ಮರಿ ಮಾಡಿಕೊಂಡೆವು. ಆ ವರ್ಷವೇ ನನ್ನ ಮಗ ಓದಲು ಪುಣೆಗೆ ಹೋದದ್ದು. ಆ ತಾಯಿ-ಮರಿಯನ್ನು ನಾನು ಇಂದಿಗೂ ಯಾರಿಗೂ ಕೊಟ್ಟಿಲ್ಲ.

ಇಷ್ಟು ಪೀಠಿಕೆ. ಈಗ ಹೊಸ ಆಟಕ್ಕೆ ಬರುತ್ತೇನೆ.

ಅದರ ಹೆಸರು 'ಪೋಕೆಮಾನ್ ಟಿಸಿಜಿ ಪಾಕೆಟ್'. 2024ರ ಅಕ್ಟೋಬರ್ 30ಕ್ಕೆ ಬಿಡುಗಡೆಯಾಯಿತು. ಇದರಲ್ಲಿ ಪ್ರಾಣಿಗಳು ರಸ್ತೆಯಲ್ಲಿಲ್ಲ, ಇಸ್ಪೀಟಿನಂಥ ಎಲೆಗಳ ಮೇಲಿವೆ. ದಿನಕ್ಕೆ ಎರಡು ಪೊಟ್ಟಣ ಪುಕ್ಕಟೆ, ಹನ್ನೆರಡು ಗಂಟೆಗೊಂದರಂತೆ. ಪೊಟ್ಟಣಗಳು ಸುತ್ತ ತಿರುಗುತ್ತ ನಿಲ್ಲುತ್ತವೆ. ಒಂದನ್ನು ಆರಿಸಿ, ಅಂಚಿನ ಮೇಲೆ ಬೆರಳೆಳೆದರೆ ಚರ್ರನೆ ಹರಿದು ಐದು ಎಲೆ ಹೊರಬರುತ್ತವೆ. ಜಾತ್ರೆಯಲ್ಲಿ ಗಿಳಿಶಾಸ್ತ್ರದವನ ಗಿಳಿ ಎಲೆ ಎಳೆಯುತ್ತದಲ್ಲ, ಥೇಟ್ ಹಾಗೆ. ಇಲ್ಲಿ ಗಿಳಿ ನಾವೇ!

ಚೆಂದವಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ಚಿತ್ರಗಳು ಬಲು ಸೊಗಸು. ಕೆಲವು ಎಲೆಗಳನ್ನು ಮುಟ್ಟಿದರೆ ಚಿತ್ರದ ಒಳಕ್ಕೇ ಕರೆದೊಯ್ಯುತ್ತವೆ, ಆ ಕಾಡು, ಆ ಮನೆ ಎಲ್ಲ ಸುತ್ತ ತಿರುಗಿ ನೋಡಬಹುದು. ಮೈಸೂರಿನವಳಾಗಿ ನಾನು ಎಲೆಯಾಟವನ್ನು ಹಳಿಯಲೂ ಆರೆ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಗಂಜೀಫ ಎಂದರೆ ಪ್ರಾಣ. ದಶಾವತಾರ ಗಂಜೀಫದಲ್ಲಿ ಅವತಾರಕ್ಕೆ ಹನ್ನೆರಡರಂತೆ 120 ಎಲೆ. ಅದು ಸಾಲದೆಂದು ದೊರೆಗಳು 360 ಎಲೆಗಳವರೆಗೂ ಹೊಸ ಹೊಸ ಆಟ ಕಟ್ಟಿದರು. ನಾನು ನಡೆಯುವ ಕುಕ್ಕರಹಳ್ಳಿ ಕೆರೆ ಕಟ್ಟಿಸಿದವರೂ ಅವರೇ ನೋಡಿ. ಆದರೆ ಗಂಜೀಫದ ಎಲೆಗಳು ಗಟ್ಟಾಗಿ ಒಟ್ಟಿಗೇ ಇರುತ್ತಿದ್ದುವು, ಆಡಬೇಕಾದರೆ ಜನ ಸುತ್ತ ಕೂರಬೇಕಿತ್ತು. ಇಲ್ಲಿ ಎಲೆ ಪೂರ್ತಿಯಾಗುವುದೇ ಇಲ್ಲ. ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಹೊಸ ಕಟ್ಟು ಬಿಡುತ್ತಾರೆ. ತಾಳ್ಮೆಯಿಲ್ಲದವರು ದುಡ್ಡು ಕಟ್ಟಿ ಹೆಚ್ಚು ಪೊಟ್ಟಣ ಒಡೆಯಬಹುದು. "ನಮ್ ರಾಜ್ಯದಲ್ಲಿ 2007ರಲ್ಲೇ ಲಾಟರಿ ನಿಲ್ಲಿಸಿದ್ರಲ್ಲೇ, ಇದೇನಿದು?" ಎಂದು ನಮ್ಮವರು ಹಂಗಿಸಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ದುಡ್ಡಿನ ಗಂಟಿರುವ ಮೊಬೈಲನ್ನು ಈ ಆಟದ ಜೊತೆ ಮಕ್ಕಳ ಕೈಗೆ ಕೊಡಬೇಡಿ, ಅದೊಂದನ್ನು ಮಾತ್ರ ಒತ್ತಿ ಹೇಳುತ್ತೇನೆ.

ನನ್ನ ತಕರಾರು ದುಡ್ಡಿನದಲ್ಲ. ಮೊನ್ನೆ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಪೊಟ್ಟಣ ಒಡೆದೆ. ಮೂರನೆಯ ಎಲೆ, ಅದೇ ಕಂಗಸ್ಕಾನ್! ಹಾಲು ಉಕ್ಕುವಷ್ಟರಲ್ಲಿ ತಾಯಿ-ಮರಿ ಕೈಗೆ ಬಂದಾಗಿತ್ತು. ಸಂತೋಷವಾಗಬೇಕಿತ್ತು, ಪೆಚ್ಚೆನಿಸಿತು. ಇದರಲ್ಲಿ 2025ರ ಜನವರಿ ಕೊನೆಗೆ ಎಲೆ ಬದಲಾಯಿಸಿಕೊಳ್ಳುವ ಅನುಕೂಲ ಕೊಟ್ಟರು. ಅದಕ್ಕೆ ಬೇಕಾದ ಬಿಲ್ಲೆಗಾಗಿ ನಮ್ಮ ಬೇರೆ ಒಳ್ಳೆಯ ಎಲೆಗಳನ್ನು ಹಾಳು ಮಾಡಿಕೊಳ್ಳಬೇಕಿತ್ತು. ಆಡುವವರೆಲ್ಲ ಗದ್ದಲವೆಬ್ಬಿಸಿದ ಮೇಲೆ ಆ ವರ್ಷದ ಜುಲೈನಲ್ಲಿ ಪದ್ಧತಿ ಬದಲಾಯಿತು. ಈಗ ಸಲೀಸು. ಆದರೆ ಕೊಡುವವರು ಎಲ್ಲೋ, ಕೊಳ್ಳುವವರು ಎಲ್ಲೋ. ಕಲ್ಲುಬೆಂಚು ಬೇಕಿಲ್ಲ.

ಹಳೆಯ ಆಟಕ್ಕೆ ತಿಂಗಳಿಗೊಂದು ಶನಿವಾರವೋ ಭಾನುವಾರವೋ ಮಧ್ಯಾಹ್ನ ಎರಡರಿಂದ ಐದರವರೆಗೆ 'ಕಮ್ಯುನಿಟಿ ಡೇ' ಎಂದಿರುತ್ತದೆ. ಆ ದಿನ ನಾವೊಂದು ಗುಂಪು ಸೇರುತ್ತಿದ್ದೆವು: ಇಂಜಿನಿಯರಿಂಗ್ ಹುಡುಗರು, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ಹೆಬ್ಬಾಳಿನಿಂದ ಸ್ಕೂಟರಿನಲ್ಲಿ ಬರುವ ಟೀಚರು. ನನ್ನನ್ನು ಎಲ್ಲರೂ "ಆಂಟಿ, ಕೋಡುಬಳೆ ತಂದ್ರಾ?" ಎಂದು ಕೇಳುವವರೇ. ಹದಿನಾಲ್ಕು ಜನರಿದ್ದೆವು. ಕೊರೋನಾ ಕಾಲದಲ್ಲಿ ತಾರಸಿಯ ಮೇಲೆ ನಡೆದು ಮೊಟ್ಟೆ ಒಡೆದ ಮೇಲೂ ಮತ್ತೆ ಸೇರಿದೆವು. 2025ರಲ್ಲಿ ಆ ಆಟವನ್ನು ಮುನ್ನೂರೈವತ್ತು ಕೋಟಿ ಡಾಲರಿಗೆ ಸ್ಕೋಪ್ಲಿ ಎಂಬ ಕಂಪನಿ ಕೊಂಡಿತು ಎಂದು ಹುಡುಗರು ಹೇಳಿದಾಗಲೂ, ಯಾರು ಕೊಂಡರೇನು, ಕೆರೆ ನಮ್ಮದೇ ತಾನೆ ಎಂದು ನಕ್ಕೆವು. ಹೋದ ತಿಂಗಳು ಐದೇ ಜನ. "ಮನೇಲೇ ಕಾರ್ಡ್ ಆಡ್ತೀವಿ ಆಂಟಿ, ಬಿಸಿಲು" ಎಂದು ವಾಟ್ಸಾಪಿನಲ್ಲಿ ಬರೆಯುತ್ತಾರೆ. ಗುಂಪು ಕರಗಿದ್ದು ನಮ್ಮವರ ಕಿವಿಗೂ ಬಿತ್ತು. "ಜನ ಇಲ್ದೆ ಒಬ್ಳೇ ಯಾಕ್ ಹೋಗ್ತೀಯ? ಮನೇಲೇ ಆಡೋದ್ ಬಂದಿದ್ಯಲ್ಲ" ಎಂದರು. ಒಂಬತ್ತು ವರ್ಷ ಕೇಳದಿದ್ದ ಪ್ರಶ್ನೆ ಹೊಸ್ತಿಲಲ್ಲಿ ಮತ್ತೆ ಬಂದು ನಿಂತಿತು. ಮಗನಿಗೆ ಫೋನಿನಲ್ಲಿ ಇದನ್ನು ಹೇಳಿದರೆ, "ಅಮ್ಮ, ಇಷ್ಟ ಇಲ್ದಿದ್ರೆ ತೆಗೆದ್ಹಾಕು" ಎನ್ನುತ್ತಾನೆ. ಅವನಿಗೆ ಹೇಗೆ ತಿಳಿದೀತು?

ತೆಗೆದುಹಾಕುವಂತೆಯೂ ಇಲ್ಲ. ಎಪ್ಪತ್ತೆಂಟರ ನಮ್ಮತ್ತೆಗೆ ಮಂಡಿ ಮಡಿಸಲಾಗದು, ಪಡಸಾಲೆಯ ಕುರ್ಚಿಯೇ ಅವರ ಲೋಕ. ಒಂದು ರಾತ್ರಿ ಸುಮ್ಮನೆ ಮೊಬೈಲು ಅವರ ಮುಂದೆ ಹಿಡಿದು, "ಎಳೀರಿ ಅತ್ತೆ" ಎಂದೆ. ಎಳೆದರು. ಬಂಗಾರದ ಅಂಚಿನ ಎಲೆ ಬಂತು! ಹರೆಯದಲ್ಲಿ ಚೌಕಾಬಾರದಲ್ಲಿ ಓರಗಿತ್ತಿಯರನ್ನೆಲ್ಲ ಸೋಲಿಸಿದ ಕೈ ಅದು. ಅಂದಿನಿಂದ ರಾತ್ರಿಯ ಪೊಟ್ಟಣ ಅವರದೇ. ಊಟ ಮುಗಿಯುತ್ತಲೇ "ಎಲ್ಲೇ ಅದು, ಗೆಡ್ಡೆಗಪ್ಪೆ ಬರತ್ತಾ ನೋಡೋಣ ತಾ" ಎನ್ನುತ್ತಾರೆ. ಬೆಳಗಿನ ಪೊಟ್ಟಣವನ್ನೂ ಅವರಿಗೇ ಬಿಟ್ಟುಕೊಟ್ಟಿದ್ದೇನೆ. ಬದಲಿಗೆ ಸಂಜೆ ನಾನು ಚಪ್ಪಲಿ ಮೆಟ್ಟುವಾಗ ನಮ್ಮವರು ಬಾಯಿ ತೆರೆದರೆ, "ಅವಳನ್ನ ತಡೀಬೇಡ ಕಣೋ, ಮೊಟ್ಟೆ ಒಡ್ಕೊಂಡ್ ಬರ್ಲಿ" ಎಂದು ಒಳಗಿನಿಂದ ಅವರೇ ಗದರುತ್ತಾರೆ.

ಬರುವ ಕಮ್ಯುನಿಟಿ ಡೇಗೆ ಐದೇ ಜನ ಬಂದರೂ ನಾನು ಹೋಗುವವಳೇ. ಮೈಸೂರಿನ ಆಸುಪಾಸಿನಲ್ಲಿರುವ ನಿಮ್ಮಲ್ಲಿ ಯಾರಾದರೂ ಆ ಹೊತ್ತಿಗೆ ಕುಕ್ಕರಹಳ್ಳಿ ಕೆರೆಯ ಕಡೆ ಬಂದರೆ, ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಕೋಡುಬಳೆ ಡಬ್ಬಿ ಹಿಡಿದ ಹೆಂಗಸು ಕಂಡರೆ ಮಾತಾಡಿಸಿ. ಹೊಗೆಯಾಮೆ ಮೂರು ಹೆಚ್ಚಿಗೆ ಇಟ್ಟಿದ್ದೇನೆ.