ನಮ್ಮ ಶಾಲೆಯ ಮೋಟಾರೂ ಎಣ್ಣೆಯ ಪಾಠವೂ

ವಿದ್ಯಾರ್ಥಿನಿಲಯಕ್ಕೆ ಅಕ್ಕಿ, ಬೇಳೆ, ತರಕಾರಿಗಳನ್ನು ಪೇಟೆಯಿಂದ ಹೊತ್ತು ತರುವ ನಮ್ಮ ಪಿಕಪ್ ಮೋಟಾರನ್ನು ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಬಲ್ಲರು. ಮಲೆನಾಡಿನ ಮಳೆಗಾಲದಲ್ಲಿ ಕೆಸರಿನ ಏರುದಾರಿಯನ್ನು ಹತ್ತುವುದಕ್ಕಾಗಿ ಅದರ ನಾಲ್ಕು ಚಕ್ರಗಳಿಗೂ ಯಂತ್ರದ ಬಲವು ಸಲ್ಲುವ ಏರ್ಪಾಡು ಉಂಟು. ನಡುರಾತ್ರಿಯಲ್ಲಿ ಜ್ವರ ಬಂದ ಬಾಲಿಕೆಯನ್ನು ಘಟ್ಟದ ದಾರಿಯಲ್ಲಿ ಆಸ್ಪತ್ರೆಗೆ ಒಯ್ಯುವುದೂ ಅದೇ. ಆದುದರಿಂದ ಅದರ ಕ್ಷೇಮವು ನಮ್ಮ ಮಕ್ಕಳ ಕ್ಷೇಮಕ್ಕೆ ಸಂಬಂಧಪಟ್ಟ ವಿಷಯವೇ ಸರಿ.

ಈ ವರ್ಷ ಮಳೆಗಾಲವು ಮುಗಿದ ಬಳಿಕ ಒಂದು ಶನಿವಾರ, 10ನೆಯ ತರಗತಿಯವರಿಗೆ ಅದರ ಡಿಫರೆನ್ಶಿಯಲ್ ಎಣ್ಣೆಯನ್ನು ಬದಲಾಯಿಸುವ ಕ್ರಮವನ್ನು ನಮ್ಮ ಚಾಲಕರಿಂದ ಹೇಳಿಸಿ, ಕೈಯಾರೆ ಮಾಡಿಸಿದೆವು. ಹೆಣ್ಣುಮಕ್ಕಳಿಗೆ ಇದು ತಕ್ಕ ಪಾಠವೇ ಎಂದು ಕೆಲವು ಪೋಷಕರು ಕೇಳಿದ್ದಾರೆ. ಅವರಿಗೆ ಉತ್ತರವಾಗಿ ಈ ನಾಲ್ಕು ಮಾತು.

ಮೋಟಾರು ತಿರುವಿನಲ್ಲಿ ಸಾಗುವಾಗ ಹೊರಗಡೆಯ ಚಕ್ರವು ಒಳಗಡೆಯದಕ್ಕಿಂತ ಹೆಚ್ಚು ದೂರ ಉರುಳಬೇಕು. ಈ ಭೇದವನ್ನು ಸರಿದೂಗಿಸುವ ಹಲ್ಲುಚಕ್ರಗಳು ಅಚ್ಚಿನ ನಡುವೆ ಗುಂಡಗೆ ಉಬ್ಬಿದ ಲೋಹದ ಕೋಶದಲ್ಲಿ ಅಡಗಿವೆ. ನಮ್ಮ ಮೋಟಾರಿಗೆ ಇಂಥ ಕೋಶಗಳು ಮುಂದೊಂದು, ಹಿಂದೊಂದು. ಅಲ್ಲಿ ಹಲ್ಲುಗಳು ಮಹಾ ಒತ್ತಡದಲ್ಲಿ ಒಂದರ ಮೇಲೊಂದು ಜಾರುವುದರಿಂದ ಇಂಜಿನ್ನಿನ ಎಣ್ಣೆಯು ಅಲ್ಲಿಗೆ ಸಲ್ಲದು. ಕೈಪಿಡಿಯಲ್ಲಿ ಹೇಳಿರುವ ಜಿಎಲ್-5 ವರ್ಗದ, 80ಡಬ್ಲ್ಯು-90 ಎಂಬ ಗೇರ್ ಎಣ್ಣೆಯೇ ಬೇಕು.

ಮೊದಲು ಮೋಟಾರನ್ನು ನಾಲ್ಕಾರು ಕಿಲೋಮೀಟರು ಓಡಿಸಿ ಎಣ್ಣೆಯನ್ನು ಬೆಚ್ಚಗೆ ಮಾಡಿದೆವು. ಬೆಚ್ಚಗಿನ ಎಣ್ಣೆಯು ತಳದ ಕೊಳೆಯನ್ನೂ ಕೊಂಡು ಇಳಿಯುವುದು. ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟೆವು. ಆಗ ಒಬ್ಬ ಬಾಲಿಕೆ ಕೆಳಗಿನ ಬೋಲ್ಟಿಗೆ ಕೈಹಾಕಿದಳು. ಚಾಲಕರು ತಡೆದು, “ತುಂಬುವ ಬೋಲ್ಟು ಮೊದಲು, ಅಮ್ಮಾ” ಎಂದರು. ಯಾತಕ್ಕೆಂದರೆ, ಮೇಲಿನದು ತುಕ್ಕು ಹಿಡಿದು ಬಾರದೆ ಹೋದರೆ, ಇದ್ದ ಎಣ್ಣೆಯನ್ನೂ ಕಳೆದುಕೊಂಡ ಮೋಟಾರು ನಿಂತಲ್ಲೇ ನಿಲ್ಲಬೇಕಾಗುವುದು.

ಮುಂದಿನ ಕೋಶದಿಂದ ಕಪ್ಪಾದ ಎಣ್ಣೆ ಇಳಿಯಿತು, ಅದು ಸಹಜ. ಬೋಲ್ಟಿನ ಅಯಸ್ಕಾಂತಕ್ಕೆ ಕಾಡಿಗೆಯಂಥ ನುಣುಪಾದ ಪುಡಿ ಅಂಟಿತ್ತು. ಅದೂ ಸಹಜವೇ, ಹಲ್ಲಿನ ಚೂರು ಸಿಕ್ಕಿದರೆ ಮಾತ್ರ ಅಂಜಬೇಕು. ಆದರೆ ಹಿಂದಿನ ಕೋಶದಿಂದ ಇಳಿದದ್ದು ಹಾಲು ಬೆರೆಸಿದ ಕಾಫಿಯ ಬಣ್ಣದ್ದು! ನೀರು ಸೇರಿತ್ತು. ಕಾದ ಅಚ್ಚು ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿಯು ಕುಗ್ಗುವುದು. ಉಸಿರುಗೊಳವೆಯು ಕೆಸರಿನಿಂದ ಮುಚ್ಚಿದ್ದರೆ ಸೀಲಿನ ಸಂದಿನಿಂದ ನೀರು ಒಳಕ್ಕೆ ಎಳೆಯಲ್ಪಡುವುದು. ಗೊಳವೆಯು ಮುಚ್ಚಿಯೇ ಇತ್ತು. ಆ ತನಕ ಮೋಟಾರು ಒಂದು ಸದ್ದನ್ನೂ ಮಾಡಿರಲಿಲ್ಲ. ಬೇರಿಂಗು ಸವೆದು ಅದು ಕೂಗಿಕೊಳ್ಳುವ ವೇಳೆಗೆ ಯಾವ ತಿರುವಿನಲ್ಲಿ, ಯಾರ ಮಗಳನ್ನು ಹೊತ್ತಿರುತ್ತಿತ್ತೋ!

ಗೊಳವೆಯನ್ನು ಶುದ್ಧಮಾಡಿ, ಹೊಸ ವಾಶರುಗಳನ್ನಿಟ್ಟು ಕೆಳಗಿನ ಬೋಲ್ಟುಗಳನ್ನು ಬಿಗಿದು, ಮೇಲಿನ ರಂಧ್ರದ ಅಂಚಿಗೆ ಬಂದು ಜಿನುಗುವ ತನಕ ಹೊಸ ಎಣ್ಣೆಯನ್ನು ತುಂಬಿದೆವು. ನೀರು ಸೇರಿದ್ದ ಕೋಶದ್ದನ್ನು ಕೆಲವು ದಿನಗಳ ಓಡಾಟದ ನಂತರ ಮತ್ತೊಮ್ಮೆ ಬದಲಾಯಿಸಿದೆವು. ಹಳೆಯ ಎಣ್ಣೆಯನ್ನು ಬೇಲಿಯ ಬುಡಕ್ಕೆ ಸುರಿಯಲೇ ಎಂದು ಒಬ್ಬಳು ಕೇಳಿದಾಗ ನಾನು ಬಾವಿಯ ಕಡೆಗೆ ಬೆರಳು ತೋರಿಸಿದೆನು. ಅವಳು ತಾನೇ ಡಬ್ಬವನ್ನು ತಂದಳು.

ಹತ್ತು ಮಂದಿ ಕನ್ನಿಕೆಯರ ಸಾಮ್ಯವನ್ನು ನಮ್ಮ ಮಕ್ಕಳು ಬಾಲ್ಯದಿಂದಲೇ ಕೇಳಿದವರು. ಎಣ್ಣೆಯನ್ನು ಮೊದಲೇ ನೋಡಿಕೊಳ್ಳದವರಿಗೆ ನಡುರಾತ್ರಿಯಲ್ಲಿ ಸಾಲವು ಹುಟ್ಟಲಿಲ್ಲ. ನಮ್ಮಲ್ಲಿ ಕಲಿತವರು ದಾದಿಯರಾಗಿ, ಉಪಾಧ್ಯಾಯಿನಿಯರಾಗಿ, ಗೃಹಿಣಿಯರಾಗಿ ಅನೇಕರ ಭಾರವನ್ನು ಹೊರುವವರು. ಕೂಗದೆ ಇರುವುದನ್ನು ವಿಚಾರಿಸುವ ಅಭ್ಯಾಸವು ಅವರಿಗಲ್ಲದೆ ಇನ್ನಾರಿಗೆ ಬೇಕು? ಕೈಗೆ ಹತ್ತಿದ ಕಪ್ಪಿಗೆ ಸಾಬೂನು ಉಂಟು.

ಮುಂದಿನ ಮಳೆಗಾಲದ ತರುವಾಯ ಈ ಪಾಠವು ಮತ್ತೆ ನಡೆಯುವುದು. ಸಂಶಯವುಳ್ಳ ಪೋಷಕರು, ವಿಶೇಷವಾಗಿ ತಾಯಂದಿರು, ಅಗತ್ಯವಾಗಿ ಬಂದು ನೋಡಬೇಕೆಂದು ಬಿನ್ನವಿಸುತ್ತೇನೆ.